ಕೋಡೊಲೆಯ ಬೆಂಕಿ

ಮಗ ಹೊಸ ಕಾರು ತಂದ ದಿನ ಆರತಿ ತಟ್ಟೆ ಹಿಡಿದು ಅಂಗಳಕ್ಕೆ ಬಂದೆ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು, ಬಾನೆಟ್ಟಿನ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಪ್ರದಕ್ಷಿಣೆ ಬರುವಾಗ ಡಿಕ್ಕಿಯ ಮೂಲೆಯಲ್ಲಿ ಬೆಳ್ಳಿ ಬಣ್ಣದ ಸಣ್ಣ ಅಕ್ಷರಗಳು ಕಂಡವು: 'ಟರ್ಬೊ'. "ಇದೇನೋ ಇದು?" ಎಂದೆ. "ಅದು ಇಂಜಿನ್ನಿನ ವಿಷಯ ಅಮ್ಮ. ನಿನಗೆ ಅರ್ಥ ಆಗಲ್ಲ ಬಿಡು" ಎಂದ.

ಅವನೇನೂ ಒರಟಾಗಿ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದ. ಫ್ಯೂಸು ಹೋದಾಗ, ಬ್ಯಾಂಕಿನ ಫಾರಂ ತುಂಬುವಾಗ, ಹೊಲದ ಪಹಣಿ ತಿದ್ದಿಸುವಾಗ ನಮ್ಮ ಮನೆಗಳಲ್ಲಿ ಹೆಂಗಸರಿಗೆ ಈ ಮಾತನ್ನು ಯಾರಾದರೂ ಒರಟಾಗಿ ಹೇಳಿದ್ದುಂಟೆ? ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೇ ನಾವು ಎದುರಾಡುವುದಿಲ್ಲ.

ಆದರೆ ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು. ಮೂರು ಪಾಣಿಪತ್ ಯುದ್ಧಗಳನ್ನೂ ನಾಲ್ಕು ಮೈಸೂರು ಯುದ್ಧಗಳನ್ನೂ ಮಕ್ಕಳ ತಲೆಗೆ ಇಳಿಸಿದವಳಿಗೆ ಒಂದು ಇಂಜಿನ್ ಅರ್ಥವಾಗದೆ? ಯಾವ ವಿಷಯವೇ ಆಗಲಿ, ಅದು ಎಲ್ಲಿಂದ ಬಂತು ಎಂದು ಹುಡುಕಿದರೆ ಏನು ಎನ್ನುವುದು ತಾನಾಗಿ ತಿಳಿಯುತ್ತದೆ ಎಂದು ನಂಬಿದವಳು ನಾನು. ಹಾಗೆ ಹುಡುಕಲು ಹೊರಟಾಗ ಎರಡು ಹಳೆಯ ಕಾರುಗಳು ಎದುರಾದವು. ಒಂದು ಅಮೆರಿಕದ್ದು, 1962ರದು. ಇನ್ನೊಂದು ಜರ್ಮನಿಯದು, 1974ರದು. ಅವುಗಳ ಕತೆ ಹೇಳುವ ಮೊದಲು ನನ್ನ ತವರಿನ ಅಡುಗೆಮನೆಗೆ ಒಮ್ಮೆ ಹೋಗಿಬರಬೇಕು.

ತೀರ್ಥಹಳ್ಳಿಯ ಹತ್ತಿರದ ಆ ಮನೆಯ ಒಲೆಗೆ ಒಂದು ಕೋಡೊಲೆ ಇತ್ತು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ದೊಡ್ಡ ಒಲೆಯ ಮಗ್ಗುಲಿಗೆ ಅಂಟಿಕೊಂಡ ಸಣ್ಣ ಒಲೆ ಅದು. ಅದಕ್ಕೆಂದು ಬೇರೆ ಸೌದೆ ಇಡುವುದಿಲ್ಲ. ದೊಡ್ಡ ಒಲೆಯಲ್ಲಿ ಅನ್ನ ಬೇಯುತ್ತಿರುವಾಗ ಪಾತ್ರೆಯಡಿಯಿಂದ ತಪ್ಪಿಸಿಕೊಂಡು ಹೋಗುವ ಉರಿ ಒಂದು ಕಂಡಿಯಿಂದ ನುಗ್ಗಿ, ಕೋಡೊಲೆಯ ಮೇಲಿನ ಸಾರನ್ನು ಬಿಸಿಯಾಗಿ ಇಡುತ್ತದೆ. "ಸುಮ್ಮನೆ ಹೋಗೋ ಬೆಂಕಿಗೆ ಕೆಲಸ ಕೊಡಬೇಕು ಕಣೆ" ಎನ್ನುತ್ತಿದ್ದಳು ಅಮ್ಮ. ಒಲೆಯ ಪಕ್ಕದಲ್ಲಿ ಒಂದು ಊದುಗೊಳವೆ. ಮಳೆಗಾಲದಲ್ಲಿ ಒದ್ದೆ ಸೌದೆ ಹೊಗೆಯಾಡುವಾಗ ಅದರಿಂದ ಊದಿ ಊದಿ ಅವಳ ಕಣ್ಣು ಕೆಂಡವಾಗುತ್ತಿತ್ತು. ಎಷ್ಟು ಊದಿದರೂ ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಭಗ್ಗೆಂದು ಉರಿ ಎದ್ದು ಮುಖಕ್ಕೇ ಬರುತ್ತಿತ್ತು.

ಈ ಕೋಡೊಲೆಯನ್ನೂ ಊದುಗೊಳವೆಯನ್ನೂ ಒಂದುಗೂಡಿಸಿದರೆ ಟರ್ಬೊ ಆಗುತ್ತದೆ. ಇಷ್ಟೇ!

ಕಾರಿನ ಇಂಜಿನ್ನೂ ಒಂದು ಒಲೆಯೇ. ಪೆಟ್ರೋಲು ಅದರ ಸೌದೆ. ಸೌದೆ ಚೆನ್ನಾಗಿ ಉರಿಯಲು ಗಾಳಿ ಬೇಕು. ಉರಿದ ಮೇಲೆ ಉಳಿಯುವ ಹೊಗೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆ ಹೊಗೆಗೆ ಬಿಸಿಯಿದೆ, ರಭಸವಿದೆ, ಅದು ಸುಮ್ಮನೆ ವ್ಯರ್ಥ. ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇಟ್ಟರೆ ಹೊಗೆ ಅದನ್ನು ಗಿರ್ರನೆ ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಗೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು. ಸಣ್ಣ ಇಂಜಿನ್ನಿಗೆ ದೊಡ್ಡ ಇಂಜಿನ್ನಿನ ಕಸುವು ಬರುತ್ತದೆ. ಆ ಪುಟ್ಟ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಹತ್ತಿರಕ್ಕೆ ಹೋಗುವುದುಂಟು.

ಈ ಉಪಾಯಕ್ಕೆ ಎರಡು ತೊಡಕುಗಳಿವೆ. ಮೊದಲನೆಯದು ಕಾಯುವುದು. ಕಾಲಿನಡಿಯ ಪೆಡಲ್ ಒತ್ತಿದ ಕೂಡಲೇ ಬಲ ಬರುವುದಿಲ್ಲ. ಹೊಗೆ ಹೆಚ್ಚಬೇಕು, ಚಕ್ರಕ್ಕೆ ವೇಗ ಬರಬೇಕು, ಆಮೇಲೆ ಗಾಳಿ ತುಂಬಬೇಕು. ಅಮ್ಮನ ಒದ್ದೆ ಸೌದೆಯ ಹಾಗೆ, ಏನೂ ಇಲ್ಲ ಏನೂ ಇಲ್ಲ ಎನ್ನುವಾಗ ಭಗ್ಗೆಂದು ಬರುತ್ತದೆ. ಎರಡನೆಯದು ಬಿಸಿ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಪೆಟ್ರೋಲು ಹೊತ್ತಬಾರದ ಹೊತ್ತಿಗೆ ಹೊತ್ತಿಕೊಂಡರೆ ಇಂಜಿನ್ ಕಟಕಟ ಎಂದು ಬಡಿದುಕೊಳ್ಳುತ್ತದೆ, ಕೊನೆಗೆ ಒಡೆದೂ ಹೋಗಬಹುದು. ನಮ್ಮ ಎರಡು ಕಾರುಗಳ ಕತೆಯೂ ಈ ಎರಡು ತೊಡಕುಗಳ ಕತೆಯೇ.

ಟರ್ಬೊ ಹುಟ್ಟಿದ್ದು ಕಾರಿಗಾಗಿ ಅಲ್ಲ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದು ಹಡಗುಗಳ ಇಂಜಿನ್ನುಗಳಿಗೆ ಬರುವ ಹೊತ್ತಿಗೆ 1920ರ ದಶಕವಾಗಿತ್ತು. ನಡುವೆ ವಿಮಾನದವರಿಗೂ ಇದರ ಮೇಲೆ ಕಣ್ಣು ಬಿತ್ತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಇಂಜಿನ್ನಿಗೆ ಉಬ್ಬಸ ಬರುತ್ತದಲ್ಲ! 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ಒಂದು ವಿಮಾನದ ಇಂಜಿನ್ನನ್ನು ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಪರ್ವತದ ತುದಿಗೆ ಸಾಗಿಸಿ, ಅಲ್ಲಿ ಟರ್ಬೊ ಕಟ್ಟಿ ಪರೀಕ್ಷೆ ಮಾಡಿದ. ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳು ಟರ್ಬೊದ ಬಲದಿಂದ ಎತ್ತರದಲ್ಲಿ ಹಾರಿದವು. ಅದು ಲಾರಿಗಳಿಗೂ ಬಂತು. ಮನೆ ಮಂದಿ ಓಡಿಸುವ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ.

ಆ ವರ್ಷ ಜನರಲ್ ಮೋಟರ್ಸ್ ಕಂಪನಿಯ ಎರಡು ಬಳಗಗಳು ಹೆಚ್ಚುಕಡಿಮೆ ಒಟ್ಟಿಗೇ ಟರ್ಬೊ ಕಾರುಗಳನ್ನು ತಂದವು. ಶೆವ್ರೊಲೆಯವರದು ಕೊರ್ವೆರ್ ಮೊಂಜಾ ಸ್ಪೈಡರ್. ಓಲ್ಡ್ಸ್‌ಮೊಬೈಲ್‌ನವರದು ಜೆಟ್‌ಫೈರ್. ನನ್ನ ಕತೆಯ ಮೊದಲ ಕಾರು ಈ ಜೆಟ್‌ಫೈರ್. ಎರಡು ಬಾಗಿಲು, ಠೀವಿಯ ಮೈಕಟ್ಟು, ಮೂರೂವರೆ ಲೀಟರಿನ ಅಲ್ಯುಮಿನಿಯಂ ಇಂಜಿನ್. ಟರ್ಬೊ ಸೇರಿ 215 ಅಶ್ವಶಕ್ತಿ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅದು ಜೆಟ್ ವಿಮಾನದ, ರಾಕೆಟ್ಟಿನ ಕಾಲ. ಆ ಫೆಬ್ರುವರಿಯಲ್ಲಷ್ಟೇ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿ ಬಂದಿದ್ದ. ಕಾರಿನ ಹೆಸರಿನಲ್ಲೂ ಜೆಟ್ಟು, ಇಂಜಿನ್ನಿನ ಹೆಸರಿನಲ್ಲೂ ರಾಕೆಟ್ಟು!

ಜೆಟ್‌ಫೈರ್ ಮಾಡಿದವರಿಗೆ ಎರಡೂ ಬೇಕಿತ್ತು. ಟರ್ಬೊ ತಿರುಗದಿರುವಾಗಲೂ ಕಾರು ಚುರುಕಾಗಿರಬೇಕು, ತಿರುಗಿದಾಗಲೂ ಹಾರಬೇಕು. ಆದ್ದರಿಂದ ಇಂಜಿನ್ನಿನೊಳಗಿನ ಒತ್ತಡವನ್ನು ಅವರು ತಗ್ಗಿಸಲಿಲ್ಲ. ಮೊದಲೇ ಒತ್ತಡ ಹೆಚ್ಚು, ಅದರ ಮೇಲೆ ಟರ್ಬೊದ ಬಿಸಿ ಗಾಳಿ. ಇಂಜಿನ್ ಬಡಿದುಕೊಳ್ಳದೆ ಇದ್ದೀತೆ? ಅದಕ್ಕೊಂದು ಮದ್ದು ಕಂಡುಹಿಡಿದರು. ಭಟ್ಟಿ ಇಳಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ. ಹಾಲು ಉಕ್ಕಿ ಬರುವಾಗ ನಾವು ನೀರು ಚಿಮುಕಿಸುವುದಿಲ್ಲವೆ, ಹಾಗೆ ಟರ್ಬೊ ಜೋರಾಗಿ ಊದುವಾಗ ಈ ದ್ರವ ಚಿಮ್ಮಿ ಇಂಜಿನ್ನನ್ನು ತಂಪು ಮಾಡುತ್ತಿತ್ತು. ಅದಕ್ಕೆ 'ಟರ್ಬೊ ರಾಕೆಟ್ ಫ್ಲೂಯಿಡ್' ಎಂದು ಹೆಸರಿಟ್ಟು, ಬಾನೆಟ್ಟಿನಡಿ ಒಂದು ಪುಟ್ಟ ತೊಟ್ಟಿ ಕೂರಿಸಿದರು.

ಉಪಾಯ ಜಾಣತನದ್ದೇ. ಆದರೆ ಆ ತೊಟ್ಟಿಯನ್ನು ಆಗಾಗ ತುಂಬುವವರು ಯಾರು? ಕಾರಿನ ಒಡೆಯರು. ಪೆಟ್ರೋಲು ಹಾಕುವುದು ಅವರಿಗೆ ಗೊತ್ತು, ಆಯಿಲ್ ಬದಲಿಸುವುದು ಗೊತ್ತು. ಈ ಮೂರನೆಯದು ಅವರ ಅಭ್ಯಾಸದಲ್ಲೇ ಇರಲಿಲ್ಲ. ಮರೆತರು. ತೊಟ್ಟಿ ಬರಿದಾದರೆ ಇಂಜಿನ್ ಹಾಳಾಗದಿರಲೆಂದು ಒಂದು ಕವಾಟ ಮುಚ್ಚಿಕೊಂಡು ಟರ್ಬೊದ ಗಾಳಿಯನ್ನು ಕಡಿಮೆ ಮಾಡುತ್ತಿತ್ತು. ರಾಕೆಟ್ಟು ಎಂದು ಕೊಂಡ ಕಾರು ಸಾಧುವಾಗಿ ಬಿಡುತ್ತಿತ್ತು. ದೂರುಗಳು ಬಂದವು. 1962 ಮತ್ತು 1963ರ ಎರಡು ಮಾದರಿಗಳಲ್ಲಿ ಸುಮಾರು 9,600 ಜೆಟ್‌ಫೈರ್‌ಗಳು ತಯಾರಾದವು, ಅಷ್ಟಕ್ಕೇ ನಿಂತಿತು. 1965ರಲ್ಲಿ ಕಂಪನಿ ಒಂದು ಔದಾರ್ಯ ತೋರಿಸಿತು: ಬೇಕೆನ್ನುವ ಗ್ರಾಹಕರ ಕಾರಿನಿಂದ ಟರ್ಬೊವನ್ನೂ ಆ ತೊಟ್ಟಿಯನ್ನೂ ಬಿಚ್ಚಿ ತೆಗೆದು, ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿ ಕೊಡುತ್ತೇವೆ, ಖರ್ಚು ನಮ್ಮದೇ. ತುಂಬ ಜನ ತೆಗೆಸಿಕೊಂಡರು. ಆದ್ದರಿಂದಲೇ ಟರ್ಬೊ ಉಳಿಸಿಕೊಂಡಿರುವ ಜೆಟ್‌ಫೈರ್ ಇವತ್ತು ಕಾಣಸಿಗುವುದು ಅಪರೂಪ.

ಇದನ್ನು ಓದಿದಾಗ ನನಗೆ ಕಾರು ಮರೆತುಹೋಗಿ ಇನ್ನೇನೋ ನೆನಪಾಯಿತು.

1986ರಲ್ಲಿ ನಮ್ಮವರು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. "ನೀನೂ ಕಲಿ" ಎಂದು ಅವರೇ ಡ್ರೈವಿಂಗ್ ಸ್ಕೂಲಿಗೆ ಹಣ ಕಟ್ಟಿದರು. ಹದಿನೈದು ದಿನ ಕಲಿತೆ, ಲೈಸೆನ್ಸೂ ಬಂತು. ಮೊದಲ ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಕಡೆಗೆ ಹೊರಟೆ. ಸರ್ಕಲ್ಲಿನಲ್ಲಿ ಗಾಡಿ ನಿಂತುಹೋಯಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಹಿಂದಿನ ಬಸ್ಸಿನ ಹಾರ್ನು, ಲಾರಿಯ ಹಾರ್ನು, ಯಾರದೋ ನಗು. ನಮ್ಮವರು ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು, "ಇಳಿ, ನಾನು ನೋಡ್ಕೋತೀನಿ" ಎಂದರು. ಇಳಿದೆ. ಗಾಡಿ ಅವರ ಕೈಯಲ್ಲಿ ಸಲೀಸಾಗಿ ಹೊರಟಿತು. ಆಮೇಲೆ ಅವರು ಓಡಿಸು ಎನ್ನಲಿಲ್ಲ, ಓಡಿಸಬೇಡ ಎಂದೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಲೈಸೆನ್ಸು ಮದುವೆಯ ಆಲ್ಬಮ್ಮಿನ ಜೊತೆ ಟ್ರಂಕು ಸೇರಿತು. ಅವರು ಕೆಟ್ಟವರಲ್ಲ. ಕಲಿಸುವುದಕ್ಕಿಂತ ತೆಗೆದುಬಿಡುವುದು ಸುಲಭ, ಅಷ್ಟೆ. ಅದೂ ಖರ್ಚಿಲ್ಲದೆ!

ಇನ್ನು ಎರಡನೆಯ ಕಾರಿಗೆ ಬರೋಣ.

ಜೆಟ್‌ಫೈರ್ ನಿಂತುಹೋದ ಹತ್ತು ವರ್ಷಗಳ ಮೇಲೆ ಜರ್ಮನಿಯವರು ಟರ್ಬೊವನ್ನು ಮತ್ತೆ ಕೈಗೆತ್ತಿಕೊಂಡರು. 1973ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಕಾರು ಪ್ರದರ್ಶನದಲ್ಲಿ ಬಿಎಂಡಬ್ಲ್ಯು ಕಂಪನಿಯ 2002 ಟರ್ಬೊ ಬಂತು. ಪೋರ್ಷೆ ಕಂಪನಿಯೂ ಅಲ್ಲಿ ತನ್ನ ಟರ್ಬೊ ಕಾರಿನ ಮಾದರಿಯನ್ನು ತೋರಿಸಿತು. ಮರುತಿಂಗಳೇ ಅರಬ್ ರಾಷ್ಟ್ರಗಳು ತೈಲಕ್ಕೆ ತಡೆ ಹಾಕಿದವು. ಪೆಟ್ರೋಲಿಗೆ ಬೆಂಕಿ ಬೆಲೆ. ಪಶ್ಚಿಮ ಜರ್ಮನಿಯಲ್ಲಿ ನವೆಂಬರ್ 25ರಿಂದ ನಾಲ್ಕು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಜನ ಹೆದ್ದಾರಿಯಲ್ಲಿ ನಡೆದಾಡಿದರು, ಸೈಕಲ್ ತುಳಿದರು. ಅಂಥ ಹೊತ್ತಿನಲ್ಲಿ ಯಾರಿಗೆ ಬೇಕು ವೇಗದ ಕಾರು? ಬಿಎಂಡಬ್ಲ್ಯು ಟರ್ಬೊ 1,672 ಕಾರುಗಳಿಗೆ ನಿಂತುಹೋಯಿತು.

ಪೋರ್ಷೆಯವರು ನಿಲ್ಲಿಸಲಿಲ್ಲ. 1974ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ 911 ಟರ್ಬೊ ಹೊರಬಂತು. ಮೂರು ಲೀಟರಿನ ಇಂಜಿನ್, 260 ಅಶ್ವಶಕ್ತಿ, ಗಂಟೆಗೆ 250 ಕಿಲೋಮೀಟರ್ ವೇಗ, ನಿಂತಲ್ಲಿಂದ ನೂರರ ವೇಗಕ್ಕೆ ಐದೂವರೆ ಸೆಕೆಂಡು. ನಾವು ಮಿಕ್ಸಿಗೆ ಚಟ್ನಿ ಹಾಕಿ ಮುಚ್ಚಳ ಮುಚ್ಚುವಷ್ಟರಲ್ಲಿ!

ಬಿಸಿಯ ತೊಡಕನ್ನು ಇವರು ಬೇರೆ ದಾರಿಯಿಂದ ಬಿಡಿಸಿದರು. ಇಂಜಿನ್ನಿನೊಳಗಿನ ಒತ್ತಡವನ್ನೇ ಇಳಿಸಿಬಿಟ್ಟರು. ಜೆಟ್‌ಫೈರ್‌ನಲ್ಲಿ ಅದು ಹತ್ತಕ್ಕೆ ಒಂದಕ್ಕಿಂತ ಹೆಚ್ಚಿತ್ತು, ಪೋರ್ಷೆಯಲ್ಲಿ ಆರೂವರೆಗೆ ಒಂದು. ಈಗ ತೊಟ್ಟಿ ಬೇಡ, ಮದ್ದು ಬೇಡ. ಜೊತೆಗೆ ಹೊಗೆಯ ದಾರಿಯಲ್ಲಿ ಒಂದು ಕವಾಟ ಇಟ್ಟು, ಒತ್ತಡ ಮಿತಿ ಮೀರಿದಾಗ ಹೆಚ್ಚಾದ ಹೊಗೆ ಟರ್ಬೊದ ಚಕ್ರವನ್ನು ಬಳಸಿ ಪಕ್ಕದಿಂದ ಹೋಗುವಂತೆ ಮಾಡಿದರು. ಈ ವಿದ್ಯೆಯನ್ನು ಅವರು ಕಲಿತದ್ದು ರೇಸಿನಲ್ಲಿ. 1972 ಮತ್ತು 1973ರಲ್ಲಿ ಉತ್ತರ ಅಮೆರಿಕದ ಕ್ಯಾನ್-ಆಮ್ ಪಂದ್ಯಗಳನ್ನು ಗೆದ್ದ ಅವರ 917 ಟರ್ಬೊ ಕಾರು ಸಾವಿರಕ್ಕೂ ಹೆಚ್ಚು ಅಶ್ವಶಕ್ತಿಯದು.

ಒಂದು ತೊಡಕು ಬಿಡಿಸಿದರೆ ಇನ್ನೊಂದು ಬಿಗಿಯಾಗುತ್ತದೆ. ಒತ್ತಡ ಇಳಿಸಿದ್ದರಿಂದ ಟರ್ಬೊ ತಿರುಗುವವರೆಗೆ ಪೋರ್ಷೆ ಮಂಕಾಗಿರುತ್ತಿತ್ತು. ಪೆಡಲ್ ಒತ್ತಿ ಕಾಯಬೇಕು. ಒಂದು, ಎರಡು... ಆಮೇಲೆ ಬೆನ್ನಿಗೆ ಗುದ್ದಿದಂತೆ ಬಲ ಬರುತ್ತಿತ್ತು. ಅದು ತಿರುವಿನ ನಡುವೆ ಬಂದರೆ, ಚಾಲಕ ಗಾಬರಿಯಾಗಿ ಕಾಲು ತೆಗೆದರೆ, ಇಂಜಿನ್ ಹಿಂಬದಿಯಲ್ಲಿರುವ ಆ ಕಾರಿನ ಬಾಲ ತಿರುಗಿ ಮುಂದಕ್ಕೆ ಬರುತ್ತಿತ್ತು. ಹಣವಿದೆ ಎಂದು ಕೊಂಡು, ಕಲಿಯದೆ ಓಡಿಸಿದವರು ಅಪಘಾತ ಮಾಡಿಕೊಂಡರು. ಇಂಗ್ಲಿಷಿನವರು ಅದಕ್ಕೆ ಒಂದು ಅಡ್ಡ ಹೆಸರಿಟ್ಟರು: ವಿಧವೆಯರನ್ನು ಮಾಡುವ ಕಾರು.

ಹಾಗೆಂದ ಮೇಲೆ ಈ ಜಾತಿಯ ಮೊದಲ ಕಾರು ಯಾರಿಗೆ ಹೋಯಿತು ಗೊತ್ತೆ? ಎಪ್ಪತ್ತು ವರ್ಷದ ಒಬ್ಬ ವಿಧವೆಗೆ!

ಆಕೆಯ ಹೆಸರು ಲೂಯಿಸ್ ಪೀಯೆಖ್. ಪೋರ್ಷೆ ಕಂಪನಿ ಕಟ್ಟಿದ ಫರ್ಡಿನಾಂಡ್ ಪೋರ್ಷೆಯ ಮಗಳು. ಹುಟ್ಟಿದ್ದು 1904ರ ಆಗಸ್ಟ್ 29ರಂದು, ಆಸ್ಟ್ರಿಯಾದ ವೀನರ್ ನಾಯ್‌ಸ್ಟಾಟ್ ಊರಿನಲ್ಲಿ. ಪ್ಯಾರಿಸ್ ಪ್ರದರ್ಶನಕ್ಕೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಇರುವಾಗ, 1974ರ ಆಗಸ್ಟ್ 29ರಂದು, ಎಪ್ಪತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಆಕೆಗೆ 911 ಟರ್ಬೊಗಳಲ್ಲಿ ಮೊದಲನೆಯದನ್ನು ಕೊಟ್ಟರು. ಬೆಳ್ಳಿ ಬಣ್ಣ, ಒಳಗೆ ಕೆಂಪು ಚರ್ಮ, ಸೀಟಿಗೆ ಚೌಕುಳಿ ಬಟ್ಟೆ. ಇಂಜಿನ್ 2.7 ಲೀಟರಿನದು, 240 ಅಶ್ವಶಕ್ತಿ. ಆಕೆ ಚಿತ್ರ ಬರೆಯುತ್ತಿದ್ದಳು. ಹೊರಗಿನ ಗುಡ್ಡ ಬಯಲುಗಳ ಬಣ್ಣ ಇದ್ದ ಹಾಗೇ ಕಾಣಲೆಂದು ಮುಂದಿನ ಗಾಜಿಗೆ ಬಣ್ಣದ ಛಾಯೆ ಹಾಕದೆ ಬಿಟ್ಟಿದ್ದರಂತೆ. ಇಡೀ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ವಿವರ ಇದು.

ಆಕೆ ಅಪ್ಪನ ಹೆಸರಿನಿಂದ ಮಾತ್ರ ಬದುಕಿದವಳಲ್ಲ. ಯುದ್ಧ ಮುಗಿದ 1945ರ ಕೊನೆಯಲ್ಲಿ ಫ್ರಾನ್ಸಿನವರು ಅವಳ ಅಪ್ಪ, ತಮ್ಮ ಫೆರಿ, ಗಂಡ ಆಂಟನ್ ಪೀಯೆಖ್ ಮೂವರನ್ನೂ ಹಿಡಿದು ಸೆರೆಗೆ ಹಾಕಿದರು. ತಮ್ಮ ಮರುವರ್ಷವೇ ಹೊರಬಂದ. ಅಪ್ಪ ಮತ್ತು ಗಂಡ ಬಂದದ್ದು 1947ರಲ್ಲಿ. ಆಸ್ಟ್ರಿಯಾದ ಗ್ಮುಂಡ್ ಎಂಬ ಮೂಲೆಯ ಊರಿನಲ್ಲಿ ಆಕೆ ಮತ್ತು ಕಾರ್ಲ್ ರಾಬೆ ಎಂಬ ಹಳೆಯ ಇಂಜಿನಿಯರ್ ಸೇರಿ ಕಾರ್ಖಾನೆಯ ಉಸಿರು ಹಿಡಿದರು. ಗಾಡಿ ರಿಪೇರಿ, ರೈತರ ಯಂತ್ರಗಳ ರಿಪೇರಿ, ಕೈಗೆ ಸಿಕ್ಕ ಕೆಲಸ. ಇಟಲಿಯ ಸಿಸಿಟಾಲಿಯಾ ಕಂಪನಿಗೆ ರೇಸ್ ಕಾರಿನ ವಿನ್ಯಾಸ ಮಾಡಿಕೊಟ್ಟು ಬಂದ ಹಣ ಅಪ್ಪನ ಬಿಡುಗಡೆಗೆ ನೆರವಾಯಿತು. 1952ರಲ್ಲಿ ಗಂಡ ತೀರಿಕೊಂಡ. ನಾಲ್ಕು ಮಕ್ಕಳು. ಆಸ್ಟ್ರಿಯಾದಲ್ಲಿ ಕಾರು ಮಾರುವ ದೊಡ್ಡ ವ್ಯವಹಾರವನ್ನು ಆಕೆಯೇ ವರ್ಷಗಟ್ಟಲೆ ನಡೆಸಿದಳು. 1970ರಲ್ಲಿ ಪೋರ್ಷೆ ಮೊಟ್ಟಮೊದಲ ಬಾರಿಗೆ ಲ ಮಾನ್‌ನ 24 ಗಂಟೆಯ ರೇಸನ್ನು ಗೆದ್ದಾಗ, ಗೆದ್ದ ಕೆಂಪು-ಬಿಳಿ ಕಾರು ಆಕೆಯ ಸಾಲ್ಜ್‌ಬರ್ಗ್ ಸಂಸ್ಥೆಯ ಹೆಸರಿನಲ್ಲೇ ಓಡಿತ್ತು.

ಚರಿತ್ರೆಯ ಮೇಷ್ಟ್ರಿಣಿಯಾಗಿ ಇನ್ನೊಂದು ಮಾತನ್ನೂ ಹೇಳದೆ ಬಿಡಲಾರೆ. ಆ ಸೆರೆವಾಸಕ್ಕೆ ಹಿನ್ನೆಲೆ ಇತ್ತು. ಅಪ್ಪನೂ ಗಂಡನೂ ಹಿಟ್ಲರನ ಪಕ್ಷದವರು. ಗಂಡ ಯುದ್ಧಕಾಲದಲ್ಲಿ ನಡೆಸುತ್ತಿದ್ದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಬೇರೆ ದೇಶಗಳಿಂದ ಹಿಡಿದು ತಂದ ಸಾವಿರಾರು ಜನರನ್ನು, ಹೆಂಗಸರನ್ನೂ ಸೇರಿಸಿ, ಬಲವಂತವಾಗಿ ದುಡಿಸಿದ್ದರು. ಅಲ್ಲಿ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ಬೇರೆ ಮಾಡಿ ಇಟ್ಟ ಕಡೆ ನೂರಾರು ಕೂಸುಗಳು ಸತ್ತವು. ಬೆಳ್ಳಿ ಬಣ್ಣದ ಆ ಸುಂದರ ಕಾರನ್ನು ನೋಡುವಾಗ ಇದೂ ನೆನಪಿರಲಿ. ಆಕೆಯ ಧೈರ್ಯವನ್ನು ಮೆಚ್ಚುತ್ತೇನೆ. ಆ ಮನೆಯ ಲೆಕ್ಕವನ್ನು ಮರೆಯುವುದಿಲ್ಲ.

ಈಗ ಎರಡು ಕಾರುಗಳನ್ನೂ ಎದುರುಬದುರು ನಿಲ್ಲಿಸಿ ನೋಡೋಣ. ಜೆಟ್‌ಫೈರ್ ಸಾಮಾನ್ಯ ಸಂಸಾರಸ್ಥರ ಕಾರು, ಮೂರು ಸಾವಿರ ಡಾಲರಿನ ಆಸುಪಾಸಿನದು. ಪೋರ್ಷೆ ಶ್ರೀಮಂತರದು. ಅಮೆರಿಕದವರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ, ಮೊದಲು ಹೆಜ್ಜೆ ಇಟ್ಟವರು ಅವರೇ. ಜರ್ಮನಿಯವರಿಗೆ ಹನ್ನೆರಡು ವರ್ಷಗಳ ಅನುಕೂಲವಿತ್ತು, ರೇಸಿನ ಪಾಠವಿತ್ತು. ಆದ್ದರಿಂದ ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಎನ್ನುವ ಹಾಗಿಲ್ಲ. ತಾಂತ್ರಿಕವಾಗಿ ನೋಡಿದರೆ ಜೆಟ್‌ಫೈರ್‌ನ ಉಪಾಯವೇ ಹೆಚ್ಚು ಸೂಕ್ಷ್ಮ. ಓಡಿಸುವವರು ಕಾಯಬಾರದು, ಕಷ್ಟಪಡಬಾರದು ಎಂಬ ಕಾಳಜಿ ಅದರಲ್ಲಿತ್ತು.

ವ್ಯತ್ಯಾಸ ಇರುವುದು ತಪ್ಪಾದ ಮೇಲೆ ಏನು ಮಾಡಿದರು ಎನ್ನುವುದರಲ್ಲಿ. ಜೆಟ್‌ಫೈರ್ ಮಾಡಿದವರು ಎರಡು ವರ್ಷದಲ್ಲಿ ಕೈಬಿಟ್ಟು, ಕೊಟ್ಟದ್ದನ್ನು ಬಿಚ್ಚಿಕೊಂಡರು. ಪೋರ್ಷೆಯವರು ನಾನೂರು ಕಾರು ಮಾಡಿದರೆ ಸಾಕು ಎಂದುಕೊಂಡು ಹೊರಟವರು, ಮೊದಲ ಮೂರು ವರ್ಷದಲ್ಲೇ 2,800ಕ್ಕೂ ಹೆಚ್ಚು ಮಾಡಿದರು. 1978ರ ಮಾದರಿಗೆ ಇಂಜಿನ್ನನ್ನು 3.3 ಲೀಟರಿಗೆ ಏರಿಸಿ, ಒತ್ತಿದ ಗಾಳಿ ಇಂಜಿನ್ನಿಗೆ ಹೋಗುವ ಮೊದಲು ಅದನ್ನು ತಣಿಸುವ ಇಂಟರ್‌ಕೂಲರ್ ಕೂರಿಸಿದರು. ಬಲ 300ಕ್ಕೆ ಏರಿತು. ಬ್ರೇಕು ಬಲಪಡಿಸಿದರು. 1989ರಲ್ಲಿ ನಾಲ್ಕು ಗೇರಿನ ಬದಲು ಐದು ಕೊಟ್ಟರು. ಹದಿನೈದು ವರ್ಷ ಅದೇ ಕಾರನ್ನು ತಿದ್ದುತ್ತಲೇ ಇದ್ದರು. ಓಡಿಸುವವರೂ ಕಲಿತರು: ತಿರುವಿಗೆ ಮೊದಲೇ ವೇಗ ಇಳಿಸಬೇಕು, ಬಲ ಯಾವಾಗ ಬರುತ್ತದೆಂದು ಎಣಿಸಬೇಕು, ಬಂದಾಗ ಗಾಬರಿಯಾಗಬಾರದು. ಕಲಿಯುವುದಕ್ಕೆ ಕೆಲವರು ತೆತ್ತ ಬೆಲೆ ದೊಡ್ಡದು, ಅದನ್ನು ಹಗುರ ಮಾಡಿ ಹೇಳುತ್ತಿಲ್ಲ. ಆದರೆ ಕಾರನ್ನಾಗಲಿ ಚಾಲಕರನ್ನಾಗಲಿ 'ಇಳಿ' ಎಂದು ಯಾರೂ ಅನ್ನಲಿಲ್ಲ.

ಲೂಯಿಸ್ ಪೀಯೆಖ್‌ಳ ಮಗ ಫರ್ಡಿನಾಂಡ್ ಪೀಯೆಖ್ ಪೋರ್ಷೆ ಬಿಟ್ಟು ಆಡಿ ಕಂಪನಿಗೆ ಹೋದ. ಅವನ ಉಸ್ತುವಾರಿಯಲ್ಲಿ 1980ರಲ್ಲಿ ಟರ್ಬೊ ಇಂಜಿನ್ನಿನ, ನಾಲ್ಕು ಚಕ್ರಕ್ಕೂ ಬಲ ಕೊಡುವ ಕ್ವಾಟ್ರೊ ಬಂತು. 1981ರಲ್ಲಿ ಇಟಲಿಯ ಸ್ಯಾನ್‌ರೆಮೊದಲ್ಲಿ ಅದನ್ನು ಓಡಿಸಿ ವಿಶ್ವ ರ‍್ಯಾಲಿ ಪಂದ್ಯವೊಂದನ್ನು ಗೆದ್ದವಳು ಫ್ರಾನ್ಸಿನ ಮಿಶೆಲ್ ಮುಟೊನ್. ಹಾಗೆ ಗೆದ್ದ ಮೊದಲ ಹೆಂಗಸು. ಮರುವರ್ಷ ಇನ್ನೂ ಮೂರು ಪಂದ್ಯ ಗೆದ್ದು ವಿಶ್ವದಲ್ಲಿ ಎರಡನೆಯವಳಾದಳು. ಇದನ್ನು ಓದುವಾಗ ಲೆಕ್ಕ ಹಾಕಿದೆ. ನಾನು ಸರ್ಕಲ್ಲಿನಲ್ಲಿ ಇಳಿದದ್ದು ಅದಾಗಿ ನಾಲ್ಕೇ ವರ್ಷಕ್ಕೆ. ಅವಳ ಹೆಸರನ್ನು ಆಗ ಯಾರಾದರೂ ನನ್ನ ಕಿವಿಗೆ ಹಾಕಿದ್ದರೆ! ಹಾಕಿದ್ದರೂ ಇಳಿಯುತ್ತಿದ್ದೆನೋ ಏನೋ.

ಜೆಟ್‌ಫೈರ್ ಮಾಡಿದ ಓಲ್ಡ್ಸ್‌ಮೊಬೈಲ್ 1897ರಲ್ಲಿ ಹುಟ್ಟಿ 2004ರಲ್ಲಿ ಮುಚ್ಚಿಹೋಯಿತು. ಲೂಯಿಸ್ ಪೀಯೆಖ್ 1999ರಲ್ಲಿ ತನ್ನ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಬೆಳ್ಳಿ ಕಾರು ಪೋರ್ಷೆಯವರ ಮ್ಯೂಸಿಯಂ ಸಂಗ್ರಹದಲ್ಲಿದೆ. ಟರ್ಬೊ ಈಗ ನಮ್ಮ ಬೀದಿಯ ಸಣ್ಣ ಕಾರುಗಳಿಗೂ ಬಂದಿದೆ, ನನ್ನ ಮಗನ ಕಾರಿಗೂ. ಬಿಸಿಯನ್ನೂ ಒತ್ತಡವನ್ನೂ ಕ್ಷಣಕ್ಷಣ ಕಾಯುವ ಕೆಲಸವನ್ನು ಪುಟ್ಟ ಕಂಪ್ಯೂಟರ್ ಮಾಡುತ್ತದೆ. ತೊಟ್ಟಿ ತುಂಬುವ ಚಿಂತೆಯಿಲ್ಲ. ಕಾಯುವುದು ಮಾತ್ರ ಪೂರ್ತಿ ಹೋಗಿಲ್ಲ.

ಅದನ್ನು ಕಣ್ಣಾರೆ ಕಂಡದ್ದು ಕಳೆದ ತಿಂಗಳು ಉಡುಪಿಯಿಂದ ಬರುವಾಗ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಹೇರ್‌ಪಿನ್ ತಿರುವಿನಲ್ಲಿ ಮೇಲಿನಿಂದ ಬಸ್ಸು ಬಂತೆಂದು ಮಗ ನಿಲ್ಲಿಸಿದ. ಬಸ್ಸು ಹೋದ ಮೇಲೆ ಕಾಲು ಒತ್ತಿದ. ಕಾರು ಅರೆಗಳಿಗೆ ಯೋಚನೆ ಮಾಡುವವರ ಹಾಗೆ ತಡೆಯಿತು. ಅವನು ಗೊಣಗುತ್ತ ಇನ್ನಷ್ಟು ಒತ್ತಲು ಹೋದ.

"ತಡಿ, ಒತ್ತಬೇಡ. ಈಗ ಬರುತ್ತೆ ನೋಡು" ಎಂದೆ.

ಬಂತು. ಕಾರು ಏರನ್ನು ತಬ್ಬಿಕೊಂಡು ಮೇಲಕ್ಕೆ ಹೋಯಿತು. ಮಗ ರಸ್ತೆ ಬಿಟ್ಟು ಒಂದು ಕ್ಷಣ ನನ್ನ ಮುಖ ನೋಡಿದ. "ನಿನಗೆ ಹೇಗಮ್ಮ ಗೊತ್ತಾಯ್ತು?"

"ನಿನ್ನ ಅಜ್ಜಿಯ ಮನೆ ಕೋಡೊಲೆ ಹೇಳ್ತು. ನೀನು ರಸ್ತೆ ನೋಡು" ಎಂದೆ.

ಮನೆಗೆ ಬಂದ ಮೇಲೆ ಟ್ರಂಕು ತೆಗೆದು ಹಳೆಯ ಲೈಸೆನ್ಸು ಹುಡುಕಿದೆ. ಅವಧಿ ಮುಗಿದು ಎಷ್ಟೋ ವರ್ಷವಾಗಿದೆ. ಫೋಟೋದಲ್ಲಿ ಎರಡು ಜಡೆಯ ಹುಡುಗಿಯ ಹಾಗೆ ಕಾಣುವ ನಾನು. ಹೊಸದಾಗಿ ಎಲ್‌ಎಲ್‌ಆರ್ ಮಾಡಿಸಬೇಕು, ವಯಸ್ಸಾದವರಿಗೆ ಡಾಕ್ಟರ ಸರ್ಟಿಫಿಕೇಟೂ ಬೇಕಂತೆ. ಡಾಕ್ಟರು ಕಣ್ಣು ಪರೀಕ್ಷೆ ಮಾಡಿ ಸಹಿ ಹಾಕಿದ್ದಾರೆ. ನಮ್ಮವರಿದ್ದಿದ್ದರೆ ಏನೆನ್ನುತ್ತಿದ್ದರೋ, ಅವರು ಹೋಗಿ ಎಂಟು ವರ್ಷವಾಯಿತು. ನನಗೆ ಎಪ್ಪತ್ತಾಗಲು ಇನ್ನೂ ಮೂರು ವರ್ಷವಿದೆ.

ಸೋಮವಾರದಿಂದ ಬೆಳಿಗ್ಗೆ ಆರಕ್ಕೆ ಕ್ಲಾಸು. ಗಾಡಿ ನಿಂತೇ ನಿಲ್ಲುತ್ತದೆ, ಹಿಂದಿನವರು ಹಾರ್ನು ಹೊಡೆದೇ ಹೊಡೆಯುತ್ತಾರೆ. ಈ ಸಲ ಇಳಿಯುವುದಿಲ್ಲ.